ಮೈಸೂರಲ್ಲೇ ಅರ್ಧ ಜರ್ಮನಿ ಮುಗಿಸಿ ಹೊರಟದ್ದು: ನನ್ನ ಅನುಭವ

ಜರ್ಮನಿಯವರನ್ನು ಮದುವೆಯಾಗಿ ಹೊರಡುವವರಿಗೆ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: ‘ವೀಸಾಗೆ ಜರ್ಮನ್ ಭಾಷೆಯ ಮೊದಲ ಮಟ್ಟ ಎ1 ಸಾಕು, ಮಿಕ್ಕಿದ್ದು ಅಲ್ಲಿಗೆ ಹೋದಮೇಲೆ ತಾನಾಗೇ ಬರುತ್ತೆ.’ ಬರಲ್ಲ. ಮನೆಯಲ್ಲಿ ಇಂಗ್ಲಿಷ್ ನಡೆಯುತ್ತೆ, ಅಂಗಡಿಯಲ್ಲಿ ಕೈಸನ್ನೆ ನಡೆಯುತ್ತೆ. ಎರಡು ವರ್ಷ ಆದರೂ ಅಂಚೆಯಲ್ಲಿ ಬಂದ ಕಾಗದವನ್ನು ಗಂಡನ ಮುಂದೆಯೇ ಹಿಡಿಯಬೇಕು. ನಾನು ಉಲ್ಟಾ ಮಾಡಿದೆ. ಮೈಸೂರಲ್ಲೇ ಎಂಟು ತಿಂಗಳು ಕೂತು ಮೂರನೇ ಮಟ್ಟ ಬಿ1 ಮುಗಿಸಿದೆ. ಅದೂ ಇಂಗ್ಲಿಷನ್ನು ಪಕ್ಕಕ್ಕಿಟ್ಟು, ಕನ್ನಡದಿಂದ ನೇರ ಜರ್ಮನ್ನಿಗೆ. ಕೋಚಿಂಗ್‌ನಲ್ಲಿ ನಕ್ಕರು. ಈಗ ಅಲ್ಲಿಯ ಹುಡುಗಿಯರೇ ನನ್ನ ನೋಟ್‌ಬುಕ್ಕಿನ ಫೋಟೋ ಕೇಳುತ್ತಾರೆ.

ಮೊದಲು ಕಾಗದಪತ್ರ, ಯಾಕಂದರೆ ದುಡ್ಡು ಸೋರುವುದು ಅಲ್ಲೇ. ಮದುವೆ ಇಲ್ಲೇ, ಸ್ಪೆಷಲ್ ಮ್ಯಾರೇಜ್ ಆಕ್ಟ್ ಅಡಿ. ಅದಕ್ಕೆ ನೋಂದಣಿ ಕಚೇರಿಗೆ ನೋಟಿಸ್ ಕೊಟ್ಟು 30 ದಿನ ಕಾಯುವುದು, ಮೂರು ಸಾಕ್ಷಿ ಎಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿಲ್ಲದೆ ಕೆಡುವುದು ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು. ಹುಡುಗ ಅಲ್ಲಿಂದ ತರಬೇಕಾದ ‘ಮದುವೆಗೆ ಅಡ್ಡಿಯಿಲ್ಲ’ ಪತ್ರಕ್ಕೆ ಆರು ತಿಂಗಳು ಆಯುಸ್ಸು. ಆದರೆ ಆ ಪತ್ರ ಕೊಡಬೇಕಾದರೆ ಅಲ್ಲಿನ ಕಚೇರಿ ಹುಡುಗಿಯ ಜನನ ಪ್ರಮಾಣಪತ್ರ, ಅವಿವಾಹಿತೆ ಎಂಬ ಅಫಿಡವಿಟ್ ಎರಡನ್ನೂ ಕೇಳುತ್ತೆ. ಇಲ್ಲಿ ಕೊಟ್ಟ ನೋಟಿಸ್ ಮೂರು ತಿಂಗಳಲ್ಲಿ ಮದುವೆ ಆಗದಿದ್ದರೆ ಸತ್ತುಹೋಗುತ್ತೆ. ನಾವು ಮೊದಲ ಸಲ ನೋಟಿಸ್ ಕೊಟ್ಟು ಆಮೇಲೆ ಪತ್ರಕ್ಕೆ ಅರ್ಜಿ ಹಾಕಿದೆವು. ನೋಟಿಸ್ ಹೋಯಿತು, ಜೊತೆಗೆ ಒಂದು ವಿಮಾನ ಟಿಕೆಟ್ಟೂ ಹೋಯಿತು, ನೆನಪಿನ ಮೇಲೆ ಐವತ್ತೈದು ಸಾವಿರ. ಹುಡುಗಿಯ ಕಾಗದ ಪೂರ್ತಿ ಆಗಲಿ, ಆ ಪತ್ರ ಕೈಗೆ ಬರಲಿ, ಆಮೇಲೆ ನೋಟಿಸ್ ಕೊಡಿ. ಜಿಲ್ಲೆಯಲ್ಲಿ 30 ದಿನದ ವಾಸ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಸಾಕು. ಹುಡುಗ ತಿಂಗಳುಗಟ್ಟಲೆ ಮೊದಲೇ ಬಂದು ಕೂರಬೇಕಿಲ್ಲ.

ಎರಡನೇ ಸೋರಿಕೆ ಅಪೊಸ್ಟಿಲ್, ಅಂದರೆ ನಮ್ಮ ಕಾಗದ ಅಸಲಿ ಅಂತ ಹೊರದೇಶದವರಿಗಾಗಿ ಸರ್ಕಾರ ಹಾಕುವ ಮುದ್ರೆ. ಏಜೆಂಟುಗಳು ‘ಅಪೊಸ್ಟಿಲ್ ಇಲ್ಲದೆ ಯಾವ ದೇಶವೂ ಒಪ್ಪಲ್ಲ’ ಅಂತ ಪ್ರತಿ ಕಾಗದಕ್ಕೂ ಮೂರು ಮೂರೂವರೆ ಸಾವಿರ ಕೀಳುತ್ತಾರೆ. ಭಾರತ ಆ ಮುದ್ರೆಯನ್ನು ದೇಶದೇಶಗಳು ಒಪ್ಪುವ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಹಾಕಿತ್ತು. ಹಾಗಾಗಿ ನಮ್ಮ ಅಪೊಸ್ಟಿಲ್ ಅಲ್ಲಿ ನಡೆಯಲ್ಲ. ಅದರ ಬದಲು ಅಲ್ಲಿನ ಕಚೇರಿ ಕೇಳಿದರೆ ದೂತಾವಾಸದ ಮೂಲಕ ದಾಖಲೆ ಪರಿಶೀಲನೆ ನಡೆಯುತ್ತೆ, ಅಂದರೆ ಒಬ್ಬರು ನಿಜವಾಗಿಯೂ ಹೋಗಿ ಮೂಲ ರಿಜಿಸ್ಟರ್ ನೋಡಿ ಬರುತ್ತಾರೆ. ನಮಗೆ ಸುಮಾರು ನಲವತ್ತೈದು ಸಾವಿರ ಬಿತ್ತು, ನಾಲ್ಕು ತಿಂಗಳ ಮೇಲೆ ಹಿಡಿಯಿತು. ಆ ನಾಲ್ಕು ತಿಂಗಳೇ ಭಾಷೆ ಕಲಿಯುವ ತಿಂಗಳು. ಅದನ್ನು ಸುಮ್ಮನೆ ಕಾಯುತ್ತಾ ಕಳೆಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತೆ.

ಜನನ ಪ್ರಮಾಣಪತ್ರದಲ್ಲಿ ಮಂಡ್ಯ ಕಡೆಯವರಿಗೆ ಎರಡು ತೊಡಕು. ಹಳೆಯ ಕೈಬರಹದ ಪತ್ರದಲ್ಲಿ ಮಗುವಿನ ಹೆಸರೇ ಇರಲ್ಲ, ‘ಹೆಣ್ಣು’ ಅಂತಷ್ಟೇ ಇರುತ್ತೆ. ಹೆಸರು ಸೇರಿಸಿ ರಾಜ್ಯದ ಜನನ ನೋಂದಣಿ ವ್ಯವಸ್ಥೆ ಇ-ಜನ್ಮದ ಕಂಪ್ಯೂಟರ್ ಪ್ರತಿ ತೆಗೆಸಿ. ಅದರಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇರುತ್ತೆ. ಇದು ಮುಖ್ಯ, ಯಾಕಂದರೆ ಅನುವಾದ ಅಲ್ಲಿನ ಪ್ರಮಾಣಿತ ಅನುವಾದಕರಿಂದಲೇ ಆಗಬೇಕು. ಇಂಗ್ಲಿಷಿನಿಂದ ಜರ್ಮನ್ನಿಗೆ ಮಾಡುವವರು ಬೀದಿಗೊಬ್ಬರು, ಕನ್ನಡದಿಂದ ಮಾಡುವವರನ್ನು ದುರ್ಬೀನು ಹಾಕಿ ಹುಡುಕಬೇಕು. ಎರಡನೆಯದು ಇನಿಷಿಯಲ್ಲು. ಎಸ್‌ಎಸ್‌ಎಲ್‌ಸಿಯಲ್ಲಿ ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಆಧಾರ್‌ನಲ್ಲಿ ಹೆಸರಿನ ಮುಂದೆ ಅಪ್ಪನ ಪೂರ್ತಿ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಜರ್ಮನಿಯಲ್ಲಿ ಮನೆತನದ ಹೆಸರಿಲ್ಲದ ಮನುಷ್ಯ ಇರಲು ಸಾಧ್ಯವಿಲ್ಲ. ಹೆಸರು ಹೊಂದಿಸುವ ಘೋಷಣೆಯನ್ನು ಅಲ್ಲಿನ ನೋಂದಣಿ ಕಚೇರಿಯಲ್ಲೂ ಕೊಡಬಹುದು, ಆದರೆ ಪಾಸ್‌ಪೋರ್ಟನ್ನು ಇಲ್ಲೇ ಸರಿಮಾಡಿಸಿಕೊಂಡು ಹೋಗುವುದು ಅಗ್ಗ. ಮೈಸೂರಿಗೆ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ 2017ರಲ್ಲೇ ಬಂದಿದೆ, ಬೆಂಗಳೂರಿಗೆ ಓಡಬೇಕಿಲ್ಲ.

ಇನ್ನು ಭಾಷೆ. ಮೈಸೂರಿನ ಕೋಚಿಂಗ್‌ನಲ್ಲಿ ಎ1ಗೆ ಹನ್ನೆರಡು ಸಾವಿರ ಕೊಟ್ಟೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ‘ಮಿಯರ್ ಇಸ್ಟ್ ಕಾಲ್ಟ್’ ಬಂದಾಗ ಮೇಷ್ಟ್ರು ಅರ್ಧ ಗಂಟೆ ವಿವರಿಸಿದರು: ಇಂಗ್ಲಿಷಿನಂತೆ ‘ನಾನು ಚಳಿ’ ಅನ್ನಬಾರದು, ಇದು ವಿಚಿತ್ರ, ಬಾಯಿಪಾಠ ಮಾಡಿ. ವಿಚಿತ್ರ ಎಲ್ಲಿ ಬಂತು? ‘ನನಗೆ ಚಳಿ’ ಅಷ್ಟೇ ತಾನೆ! ‘ಮಿಯರ್’ ಅಂದರೆ ‘ನನಗೆ’. ನನಗೆ ಹಿಡಿಸುತ್ತೆ, ನನಗೆ ನೋಯುತ್ತೆ, ನನಗೆ ಬೇಜಾರು, ಎಲ್ಲ ಅದೇ ಅಚ್ಚು. ನಾಲ್ಕನೇ ವಿಭಕ್ತಿ ನಾಲಿಗೆಯಲ್ಲೇ ಇರುವವರು ಅದಿಲ್ಲದ ಭಾಷೆಯ ಮೂಲಕ ಸುತ್ತಿಕೊಂಡು ಹೋಗುವುದು ಯಾಕೆ? ಅವತ್ತೇ ನೋಟ್‌ಬುಕ್ಕನ್ನು ಎರಡು ಕಂಬ ಮಾಡಿದೆ, ಎಡಕ್ಕೆ ಕನ್ನಡ, ಬಲಕ್ಕೆ ಜರ್ಮನ್.

ಹೊಂದುವ ಜಾಗಗಳು ಇವು. ‘ಡೂ’ ಮತ್ತು ‘ಝೀ’ ನಮ್ಮ ನೀನು, ನೀವು. ಇಂಗ್ಲಿಷಿನವರು ಇದರಲ್ಲೇ ತಿಂಗಳು ಕಳೆಯುತ್ತಾರೆ. ‘ವೈಲ್’ ಬಂದರೆ ಕ್ರಿಯಾಪದ ಕೊನೆಗೆ: ‘ವೈಲ್ ಇಷ್ ಹೊಯ್ಟೆ ಕೈನೆ ಟ್ಸೈಟ್ ಹಾಬೆ’, ಯಾಕಂದರೆ ನಾನು ಇವತ್ತು ಸಮಯ ಇಲ್ಲದವಳಾಗಿದ್ದೇನೆ. ಕ್ರಿಯೆ ಕೊನೆಗೆ ಕೂರುವುದು ನಮಗೆ ಹುಟ್ಟಿನಿಂದ ಅಭ್ಯಾಸ. ಎಲ್ಲಕ್ಕಿಂತ ದೊಡ್ಡ ಲಾಭ ಸರ್ಕಾರಿ ಪತ್ರಗಳಲ್ಲಿ. ‘ದೀ ಫೊನ್ ಈನೆನ್ ಐನ್‌ಗೆರೈಷ್ಟೆನ್ ಉಂಟರ್‌ಲಾಗೆನ್’ ನೋಡಿ ಇಂಗ್ಲಿಷಿನಿಂದ ಕಲಿತವರು ತಲೆ ಹಿಡಿದುಕೊಳ್ಳುತ್ತಾರೆ. ನೀವು ಪದಕ್ಕೆ ಪದ ಇಡಿ: ‘ನಿಮ್ಮಿಂದ ಸಲ್ಲಿಸಲಾದ ದಾಖಲೆಗಳು’. ನಮ್ಮ ತಾಲ್ಲೂಕು ಕಚೇರಿಯ ಭಾಷೆಯೇ! ಪಹಣಿ ಅರ್ಜಿ ಓದಿದವರಿಗೆ ಜರ್ಮನ್ ಕಚೇರಿಯ ಪತ್ರ ಹೆದರಿಕೆ ಹುಟ್ಟಿಸಬಾರದು.

ಹೊಂದದ ಜಾಗಗಳೂ ಇವೆ. ಪ್ರತಿ ನಾಮಪದದ ಮುಂದೆ ಲಿಂಗ ಹೇಳುವ ದೇರ್, ದೀ, ದಾಸ್‌ಗೆ ಕನ್ನಡದಲ್ಲಿ ಆಸರೆ ಇಲ್ಲ, ಮೇಜು ಗಂಡು, ದೀಪ ಹೆಣ್ಣು. ಮೂರು ಬಣ್ಣದ ಪೆನ್ನಲ್ಲಿ ಬರೆದು ಉರು ಹೊಡೆಯಬೇಕು. ಸಂಖ್ಯೆಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ: ಇಪ್ಪತ್ತೊಂದು ಅಲ್ಲ, ‘ಒಂದು-ಮತ್ತು-ಇಪ್ಪತ್ತು’. ಫೋನ್ ನಂಬರ್ ಬರೆದುಕೊಳ್ಳುವಾಗ ಇವತ್ತಿಗೂ ತಪ್ಪುತ್ತೆ. ‘ಹಾಲ್ಬ್ ಆಖ್ಟ್’ ಎಂಟೂವರೆ ಅಲ್ಲ, ಏಳೂವರೆ. ಅದನ್ನು ತಪ್ಪು ತಿಳಿದು ಒಂದು ಅಪಾಯಿಂಟ್‌ಮೆಂಟ್ ಕಳೆದುಕೊಂಡರೆ ಮುಂದಿನದು ಆರು ವಾರಕ್ಕೆ.

ನನ್ನ ವಿಧಾನಕ್ಕೆ ಒಂದು ಏಟು ಬಿದ್ದದ್ದನ್ನೂ ಹೇಳಬೇಕು. ಬಿ1ನಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ, ಪ್ರತಿಯೊಂದಕ್ಕೂ 60 ಬರಬೇಕು. ಬರವಣಿಗೆಯಲ್ಲಿ ಮೊದಲ ಸಲ ಐವತ್ತೆರಡೋ ಮೂರೋ ಬಂತು. ಕಾರಣ ಕನ್ನಡವೇ. ಎಲ್ಲ ವಾಕ್ಯದಲ್ಲೂ ಕ್ರಿಯಾಪದವನ್ನು ಕೊನೆಗೆ ತಳ್ಳಿಬಿಟ್ಟಿದ್ದೆ. ಮುಖ್ಯ ವಾಕ್ಯದಲ್ಲಿ ಅದು ಎರಡನೇ ಜಾಗದಲ್ಲೇ ಕೂರಬೇಕು, ‘ವೈಲ್’, ‘ದಾಸ್’ (ಲಿಂಗದ್ದಲ್ಲ, ‘ಎಂದು’ ಅನ್ನುವ ಅರ್ಥದ್ದು), ‘ವೆನ್’ (ಆದರೆ, ಆದಾಗ) ತರಹದವು ಬಂದಾಗ ಕೊನೆಗೆ. ಆಮೇಲೆ ಪ್ರತಿ ವಾಕ್ಯದಲ್ಲೂ ಕ್ರಿಯೆಗೆ ಸುತ್ತು ಹಾಕಿ ಎಣಿಸುವ ರೂಢಿ ಮಾಡಿಕೊಂಡೆ. 60 ನಿಮಿಷದಲ್ಲಿ ಮೂರು ಬರಹ: 80 ಪದದ ಸ್ನೇಹಿತರ ಪತ್ರ, 80 ಪದದ ಅಭಿಪ್ರಾಯ, 40 ಪದದ ಔಪಚಾರಿಕ ಪತ್ರ. ಕೊನೆಯ ಐದು ನಿಮಿಷ ಸುತ್ತು ಹಾಕುವುದಕ್ಕೇ ಮೀಸಲು. ಸೋತ ಭಾಗವನ್ನಷ್ಟೇ ಮತ್ತೆ ಬರೆಯಬಹುದು. ಬೆಂಗಳೂರು ಇಂದಿರಾನಗರದ ಗೋಥೆ ಸಂಸ್ಥೆಯಲ್ಲಿ ಎರಡನೇ ಸಲಕ್ಕೆ ಎಪ್ಪತ್ತೆಂಟು ಬಂತು. ಮಾತಿನ ಪರೀಕ್ಷೆಗೆ ನನ್ನದೇ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಬಿ1 ಇದ್ದದ್ದಕ್ಕೆ ಏನು ಸಿಕ್ಕಿತು? ಹೊಸದಾಗಿ ಅಲ್ಲಿಗೆ ಬಂದವರಿಗೆ ಸಾಮಾನ್ಯವಾಗಿ 600 ಗಂಟೆ ಭಾಷೆ, 100 ಗಂಟೆ ದೇಶಪರಿಚಯದ ಕೋರ್ಸ್ ಇರುತ್ತೆ. ಆ 600 ಗಂಟೆ ನನಗೆ ಉಳಿಯಿತು, ಬಂದ ಮೂರನೇ ತಿಂಗಳಿಗೆ ಕೆಲಸಕ್ಕೆ ಅರ್ಜಿ ಹಾಕಿದೆ. ದೇಶಪರಿಚಯದ ಪರೀಕ್ಷೆಯಲ್ಲಿ 33 ಪ್ರಶ್ನೆ. ಕೇಳಬಹುದಾದ 310 ಪ್ರಶ್ನೆಗಳನ್ನು ಅವರೇ ಬಹಿರಂಗ ಇಟ್ಟಿದ್ದಾರೆ, ಪಿಯುಸಿ ಬೋರ್ಡಿನವರು ಕಲಿಯಬೇಕು. ಮೂರು ವರ್ಷದ ನಂತರ ಕಾಯಂ ವಾಸದ ಪರವಾನಗಿಗೂ ಭಾಷೆಯ ಮಟ್ಟಿಗೆ ಅದೇ ಬಿ1 ಸರ್ಟಿಫಿಕೇಟ್ ಸಾಕು. ಅಲ್ಲಿನ ಪೌರತ್ವದ ಆಸೆ ಇದ್ದರೆ ಗದ್ದೆ ಇರುವವರು ಯೋಚಿಸಿ. ಜರ್ಮನಿ ಜೂನ್ 2024ರಿಂದ ಎರಡು ಪೌರತ್ವ ಒಪ್ಪುತ್ತೆ, ನಮ್ಮ ದೇಶ ಒಪ್ಪಲ್ಲ. ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಸಿಗುತ್ತೆ, ಆದರೆ ಅದರ ಮೇಲೆ ಕೃಷಿ ಭೂಮಿ ಕೊಳ್ಳಲಾಗದು. ಅಪ್ಪನಿಂದ ಬಂದದ್ದು ಬರುತ್ತೆ, ಪಕ್ಕದ ಹತ್ತು ಗುಂಟೆ ಸೇರಿಸಿಕೊಳ್ಳಲಾಗದು.

ಇಳಿದ ಮೇಲಿನ ಕಚೇರಿ ಕೆಲಸ ಸಲೀಸು. ಎರಡು ವಾರದೊಳಗೆ ವಿಳಾಸ ನೋಂದಣಿ, ಮನೆ ಮಾಲೀಕರ ಸಹಿ ಇರುವ ಚೀಟಿ ಬೇಕು. ಗಂಡನದು ಸರ್ಕಾರಿ ಆರೋಗ್ಯ ವಿಮೆಯಾದರೆ ಸಂಪಾದನೆ ಇಲ್ಲದ ಹೆಂಡತಿಗೆ ಅದರಡಿ ಬಿಟ್ಟಿ. ನಮ್ಮ ಡ್ರೈವಿಂಗ್ ಲೈಸೆನ್ಸ್ ಆರು ತಿಂಗಳು ನಡೆಯುತ್ತೆ, ಆಮೇಲೆ ನಿಯಮದ್ದು, ಗಾಡಿ ಓಡಿಸುವುದು ಎರಡೂ ಪರೀಕ್ಷೆ. ಮೈಸೂರಿನ ಸಿಮ್ ಮಾತ್ರ ಸಾಯಲು ಬಿಡಬೇಡಿ, ಬ್ಯಾಂಕಿನ ಒಟಿಪಿ ಎಲ್ಲ ಅದಕ್ಕೇ. ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿ ನೆಲೆಸಿದವರ ಖಾತೆ, ಮಾಡಿಸುವುದನ್ನೂ ಮರೆಯಬೇಡಿ.

ಅಡುಗೆಮನೆಗೆ ಬರೋಣ. ಮಿಕ್ಸಿ ಒಯ್ಯಿರಿ. ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಅಮೆರಿಕಕ್ಕೆ ಹೋಗುವವರ ಫಜೀತಿ ನಮಗಿಲ್ಲ. ಪ್ಲಗ್ ಮಾತ್ರ ಬೇರೆ. ಅಗ್ಗದ ಟ್ರಾವೆಲ್ ಅಡಾಪ್ಟರಿನಲ್ಲಿ ಬಹಳಷ್ಟಕ್ಕೆ ಅರ್ತಿಂಗ್ ಇರಲ್ಲ, 750 ವ್ಯಾಟಿನ ಮಿಕ್ಸಿ ಹಾಕಿದರೆ ಬಿಸಿಯಾಗಿ ಕರಗಲೂಬಹುದು. ಎರಡು ಮೂರು ಯೂರೋದ ಅಲ್ಲಿನ ಪ್ಲಗ್ ತಂದು ವೈರ್ ಬಲ್ಲವರಿಂದ ಬದಲಿಸಿಕೊಳ್ಳಿ. ಭಾನುವಾರ ಮಿಕ್ಸಿ ತಿರುಗಿಸಿದರೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ. ಶನಿವಾರ ಸಂಜೆಯೊಳಗೆ ರುಬ್ಬಿ ಮುಗಿಸಿ.

ತುಪ್ಪ, ಖೋವ, ಮಾಂಸ ಹೊರಗಿನಿಂದ ಒಯ್ಯುವಂತಿಲ್ಲ. ಕರಿಬೇವು, ವೀಳ್ಯದೆಲೆಗೂ ಸಸ್ಯ ಪ್ರಮಾಣಪತ್ರ ಬೇಕು. ತಮಾಷೆ ಅಂದರೆ ಬಾಳೆಹಣ್ಣು, ತೆಂಗಿನಕಾಯಿಗೆ ಆ ಪತ್ರ ಬೇಡ. ಅಂತ ಒಂದು ಚಿಪ್ಪು ನಂಜನಗೂಡು ರಸಬಾಳೆ ಒಯ್ದು ನೋಡಿದೆ. ಸೂಟ್‌ಕೇಸು ತೆರೆದಾಗ ಸಿಪ್ಪೆಯೆಲ್ಲ ಕರ್ರಗೆ, ವಾಸನೆ ಮಾತ್ರ ಘಮಘಮ. ಮಂಡ್ಯದ ಅಚ್ಚುಬೆಲ್ಲ ನಾಲ್ಕು ಕೆಜಿ ಹೋಯಿತು, ಯಾರೂ ಕೇಳಲಿಲ್ಲ.

ಮುದ್ದೆ ಅಲ್ಲಿನ ಗಾಜಿನ ಮೈಯ ಕರೆಂಟ್ ಒಲೆ ಮೇಲೆ ಆಗಲ್ಲ ಅಂದವರು ಬಹಳ. ಆಗುತ್ತೆ, ಆದರೆ ತಿರುವುವುದು ಒಲೆ ಮೇಲಲ್ಲ. ದಪ್ಪ ತಳದ ಎರಡೂವರೆ ಲೀಟರ್ ಪಾತ್ರೆ, ಎರಡು ಲೋಟ ನೀರು, ಒಂದು ಲೋಟ ಹಿಟ್ಟು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿ ಕುದಿ ಬರಿಸಿ, ಮಿಕ್ಕ ಹಿಟ್ಟನ್ನು ಗುಡ್ಡೆ ಸುರಿದು ಕೋಲಿನಿಂದ ನಡುವೆ ತೂತು ಮಾಡಿ. ಸ್ವಿಚ್ಚು 9ರಲ್ಲಿದ್ದದ್ದನ್ನು ತಕ್ಷಣ 3ಕ್ಕೆ ಇಳಿಸಿ, ಮೂರು ನಿಮಿಷಕ್ಕೆ ಆರಿಸಿ. ಗಾಜು ತನ್ನ ಶಾಖದಲ್ಲೇ ಇನ್ನೂ ಐದು ನಿಮಿಷ ಬೇಯಿಸುತ್ತೆ. ಇದು ಗೊತ್ತಿಲ್ಲದೆ ಮೊದಮೊದಲು ತಳ ಹಿಡಿಸಿ ಎರಡು ಪಾತ್ರೆ ಹಾಳು. ಆಮೇಲೆ ಪಾತ್ರೆಯನ್ನು ಒದ್ದೆ ಟವಲ್ ಮೇಲೆ ನೆಲಕ್ಕಿಟ್ಟು, ಕಾಲಲ್ಲಿ ಅದುಮಿ ಕೂತು ತಿರುವಿ. ಒಲೆ ಮೇಲೇ ತಿರುವಿದರೆ ಪಾತ್ರೆ ಜಾರಿ ಗಾಜಿಗೆ ಗೀರು ಬೀಳುತ್ತೆ, ಮನೆ ಬಿಡುವಾಗ ಡಿಪಾಸಿಟ್‌ನಿಂದ ಮುರಿದುಕೊಳ್ಳುತ್ತಾರೆ. ಕೋಲು ಊರಿನಿಂದಲೇ ಒಯ್ಯಿರಿ. ಅಲ್ಲಿನ ಮರದ ಸೌಟು ಮೊದಲ ದಿನವೇ ಲಟಕ್ಕೆಂದಿತು.

ಇಡ್ಲಿ ಹಿಟ್ಟು 19 ಡಿಗ್ರಿ ಮನೆಯಲ್ಲಿ ಎರಡು ದಿನವಾದರೂ ಕದಲಲಿಲ್ಲ. ಓವನ್ನನ್ನು 50ಕ್ಕೆ ಇಟ್ಟೆ, ಅಂಚು ಬೆಂದು ನಡುವೆ ಸತ್ತಿತು. ಓವನ್ ಆರಿಸಿ ಒಳಗಿನ ದೀಪ ಮಾತ್ರ ಹಾಕಿ ಥರ್ಮಾಮೀಟರ್ ಇಟ್ಟರೆ 31ರ ಆಸುಪಾಸು ನಿಂತಿತು, ಹದಿನಾಲ್ಕು ಗಂಟೆಗೆ ಉಕ್ಕಿತು. ಅಕ್ಕಿಗೆ ಸೂಪರ್ ಮಾರ್ಕೆಟ್ಟಿನ ಕುಸುಬಲಕ್ಕಿ ಮೂರು ಪಾಲು, ಪಾಯಸಕ್ಕೆಂದು ಮಾರುವ ಗುಂಡಕ್ಕಿ ಒಂದು ಪಾಲು, ಉದ್ದು ಒಂದು ಪಾಲು, ಮೆಂತ್ಯ. ಇನ್ನೊಂದು ಪದಾರ್ಥವೂ ಇದೆ, ಅದು ನನ್ನಲ್ಲೇ ಇರಲಿ. ಬೇಯಿಸಿದ ಮೇಲೆ ಎದುರುಬದುರು ಕಿಟಕಿ ಪೂರ್ತಿ ತೆರೆದು ಐದು ನಿಮಿಷ ಗಾಳಿ ಆಡಿಸಿ, ಚಳಿಗೆ ಹೆದರಿ ಮುಚ್ಚಿಟ್ಟರೆ ಗೋಡೆಗೆ ಬೂಷ್ಟು, ಅದರ ಖರ್ಚೂ ನಿಮ್ಮ ತಲೆಗೇ.

ಉಪ್ಸಾರಿಗೆ ಸೊಪ್ಪು ಎಲ್ಲಿ ಅಂತ ಕೇಳುವವರಿಗೆ: ನವಿಲುಕೋಸು ಅಲ್ಲಿ ಎಲ್ಲ ಅಂಗಡಿಯಲ್ಲೂ ಇರುತ್ತೆ. ಕೊಳ್ಳುವವರು ಎಲೆ ತಿರುಚಿ ಪಕ್ಕದ ಡಬ್ಬಿಗೆ ಹಾಕಿ ಗೆಡ್ಡೆ ಮಾತ್ರ ಒಯ್ಯುತ್ತಾರೆ. ಆ ಎಲೆ ಬಿಟ್ಟಿ, ಕೇಳಿ ತೆಗೆದುಕೊಳ್ಳಬಹುದು. ಎಳೆಯದನ್ನು ಆರಿಸಿ, ದಂಟು ಬೇರೆ ಮಾಡಿ, ಮೊಳಕೆ ಹುರುಳಿಯ ಜೊತೆ ಬೇಯಿಸಿದರೆ ಕೀರೆಸೊಪ್ಪಿನ ಹತ್ತಿರಕ್ಕೆ ಬರುತ್ತೆ. ಕ್ಯಾಷಿನವಳು ಮೊಲ ಸಾಕಿದ್ದೀರಾ ಅಂತ ಕೇಳುತ್ತಾಳೆ. ಹೌದು, ಎರಡು ಅನ್ನಿ.