ಸಿಟಿಯಿಂದ ಬಂದ ಆ ಕಾರ್ಡನ್ನು ಕಸಕ್ಕೆ ಹಾಕಬೇಡಿ: ಅಮೆರಿಕದಲ್ಲಿ ಊರಿನ ಯೋಜನೆ ತಯಾರಾಗುವ ಬಗೆ

ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮನೆಗೆ ಎಂದಾದರೊಮ್ಮೆ ಸಿಟಿಯಿಂದ ಒಂದು ಕಾರ್ಡ್ ಬರುತ್ತದೆ: ಮುಂದಿನ ಇಪ್ಪತ್ತು ವರ್ಷಕ್ಕೆ ಊರಿನ ಯೋಜನೆ ಮಾಡುತ್ತಿದ್ದೇವೆ, ಸಭೆಗೆ ಬನ್ನಿ, ಅಂತ. ನಾನು ಅದನ್ನು ಜಾಹೀರಾತುಗಳ ಜೊತೆ ಕಸಕ್ಕೆ ಹಾಕಿದ್ದೆ. ನಾಲ್ಕು ವರ್ಷದ ಮೇಲೆ ನಮ್ಮ ಕನ್ನಡ ಕೂಟದವರು ಸಭಾಭವನಕ್ಕೆಂದು ಒಂದು ಖಾಲಿ ಗೋದಾಮು ನೋಡಿದೆವು. ಮುಂಗಡ ಕೊಡುವ ಹೊತ್ತಿಗೆ ತಿಳಿಯಿತು, ಆ ಜಾಗ ಸಣ್ಣ ಕೈಗಾರಿಕೆಗೆ ಮೀಸಲು, ಜನ ಸೇರುವ ಕಟ್ಟಡಕ್ಕೆ ಅಲ್ಲಿ ಅವಕಾಶವಿಲ್ಲ. ಆ ಗೆರೆ ಎಳೆದದ್ದು ನಾನು ಹೋಗದೆ ಬಿಟ್ಟ ಸಭೆಗಳಲ್ಲಿ. ಆ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಇಲ್ಲಿ ಭೂಬಳಕೆಯ ಅಧಿಕಾರ ವಾಷಿಂಗ್ಟನ್‌ನಲ್ಲಿಲ್ಲ. ಅದು ರಾಜ್ಯಗಳದ್ದು, ರಾಜ್ಯಗಳು ಅದನ್ನು ಸಿಟಿ, ಕೌಂಟಿ, ಟೌನ್‌ಶಿಪ್‌ಗಳಿಗೆ ಬಿಟ್ಟುಕೊಟ್ಟಿವೆ. ಒಹಾಯೊದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ 1926ರಲ್ಲಿ ಸುಪ್ರೀಂ ಕೋರ್ಟ್ ಝೋನಿಂಗನ್ನು, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದೆಂದು ಊರು ಗೊತ್ತುಮಾಡುವ ನಿಯಮವನ್ನು, ಎತ್ತಿಹಿಡಿದ ಮೇಲೆ ಇದು ದೇಶದ ತುಂಬ ಹರಡಿತು. ಹಾಗಾಗಿ ಪಕ್ಕದ ಊರಿನ ಗೆಳೆಯರ ಅನುಭವ ನಿಮ್ಮ ಊರಿಗೆ ಹೊಂದಲಿಕ್ಕಿಲ್ಲ. ಹ್ಯೂಸ್ಟನ್‌ನಂಥ ಮಹಾನಗರದಲ್ಲಿ ಝೋನಿಂಗೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಜನರಲ್ ಪ್ಲಾನ್, ನ್ಯೂಜೆರ್ಸಿಯಲ್ಲಿ ಮಾಸ್ಟರ್ ಪ್ಲಾನ್, ಬೇರೆ ಹಲವು ಕಡೆ ಕಾಂಪ್ರಹೆನ್ಸಿವ್ ಪ್ಲಾನ್ ಎನ್ನುವುದೆಲ್ಲ ಹೆಚ್ಚುಕಡಿಮೆ ಒಂದೇ: ಊರು ಹೇಗೆ ಬೆಳೆಯಬೇಕೆಂಬ ಆಶಯದ ದಾಖಲೆ. ಝೋನಿಂಗ್ ಅದನ್ನು ಕಾನೂನಾಗಿಸುತ್ತದೆ. ಆಶಯದ ಹಂತದಲ್ಲಿ ಒಂದು ವಾಕ್ಯ ಬದಲಾಯಿಸುವುದು ಸುಲಭ, ಕಾನೂನಾದ ಮೇಲೆ ವಕೀಲರು ಬೇಕು.

ಈ ದಾಖಲೆಯನ್ನು ಬಹಳ ಸಲ ಸಿಟಿಯವರೇ ಬರೆಯುವುದಿಲ್ಲ, ಕನ್ಸಲ್ಟೆಂಟರಿಂದ ಬರೆಸುತ್ತಾರೆ. ಸಣ್ಣ ಊರಿನ ಪ್ಲಾನಿಂಗ್ ಇಲಾಖೆಯಲ್ಲಿ ಇಬ್ಬರೋ ಮೂವರೋ ಇರುತ್ತಾರೆ, ದಿನನಿತ್ಯದ ಪರ್ಮಿಟ್ ಕೆಲಸವೇ ಅವರಿಗೆ ಮುಗಿಯದು. ಎಷ್ಟೋ ವರ್ಷಕ್ಕೊಮ್ಮೆ ಬರುವ ಈ ಕೆಲಸಕ್ಕೆ ಸಂಚಾರ ತಜ್ಞರು, ಅರ್ಥಶಾಸ್ತ್ರಜ್ಞರು, ನಕ್ಷೆ ಮಾಡುವವರು ಒಟ್ಟಿಗೆ ಬೇಕು. 1954ರ ವಸತಿ ಕಾಯ್ದೆಯ 701ನೇ ವಿಧಿ ಸಣ್ಣ ಊರುಗಳ ಯೋಜನೆಗೆ ಕೇಂದ್ರದ ಹಣ ಕೊಡತೊಡಗಿದಾಗ ಈ ವೃತ್ತಿ ದೊಡ್ಡದಾಗಿ ಬೆಳೆಯಿತು. ಒಂದೂರಿಗೆ ಬರೆದದ್ದನ್ನೇ ಹೆಸರು ಬದಲಿಸಿ ಇನ್ನೊಂದೂರಿಗೆ ಕೊಡುತ್ತಾರೆಂಬ ದೂರೂ ಆಗಲೇ ಹುಟ್ಟಿತು. ಅದಕ್ಕೇ ಕನ್ಸಲ್ಟೆಂಟರ ಹೆಸರು ಗೊತ್ತಾದ ಕೂಡಲೇ ಅವರು ಬೇರೆ ಊರುಗಳಿಗೆ ಮಾಡಿಕೊಟ್ಟ ಎರಡು ಯೋಜನೆಗಳನ್ನು ತೆರೆದು ನೋಡಿ. ಎಲ್ಲ ಸಾರ್ವಜನಿಕ ದಾಖಲೆಗಳೇ. ನಿಮ್ಮ ಊರಿನ ಕರಡಿನ ಜೊತೆ ಇಟ್ಟು ಓದಿದರೆ ಅವರು ಇಲ್ಲಿನ ರಸ್ತೆಗಳಲ್ಲಿ ನಡೆದಾಡಿದ್ದಾರೋ ಇಲ್ಲವೋ ತಿಳಿಯುತ್ತದೆ.

ಆಯ್ಕೆ ನಡೆಯುವುದು ಹೀಗೆ. ಸಿಟಿ ಮೊದಲು ಪ್ರಸ್ತಾವನೆ ಕೇಳುತ್ತದೆ, ಅದನ್ನು ಎಲ್ಲರೂ ಆರ್‌ಎಫ್‌ಪಿ ಎನ್ನುತ್ತಾರೆ. ಅದರಲ್ಲಿ ಸ್ಕೋಪ್ ಆಫ್ ವರ್ಕ್ ಎಂಬ ಭಾಗವಿರುತ್ತದೆ. ನನ್ನ ಮಟ್ಟಿಗೆ ಇಡೀ ವ್ಯವಹಾರದ ಜುಟ್ಟು ಇರುವುದು ಅಲ್ಲೇ. ಎಷ್ಟು ಸಭೆ, ಯಾವ ಬಡಾವಣೆಯಲ್ಲಿ, ಯಾವ ಭಾಷೆಗಳಲ್ಲಿ ಸಮೀಕ್ಷೆ, ಬಾಡಿಗೆ ಮನೆಯವರನ್ನು ಹೇಗೆ ತಲುಪುವುದು, ಎಲ್ಲವೂ ಅಲ್ಲಿ ಬರೆದಿರಬೇಕು. ಬರೆಯದ ಕೆಲಸವನ್ನು ಕನ್ಸಲ್ಟೆಂಟ್ ಮಾಡುವುದಿಲ್ಲ, ಮಾಡಿದರೆ ಬೇರೆ ಬಿಲ್ಲು ಬರುತ್ತದೆ. ನಿಮ್ಮ ಊರಿನಲ್ಲಿ ಯೋಜನೆ ಪರಿಷ್ಕರಣೆಗೆ ಬಜೆಟ್ಟಿನಲ್ಲಿ ಹಣ ಇಟ್ಟಿದ್ದಾರೆಂದು ತಿಳಿದ ದಿನವೇ ಪ್ಲಾನಿಂಗ್ ಇಲಾಖೆಗೆ ಪತ್ರ ಬರೆಯಿರಿ. ಆಮೇಲೆ ಈ ಕೆಲಸಕ್ಕೆ ದಾರಿ ತೋರುವ ಸ್ಟೀರಿಂಗ್ ಕಮಿಟಿಗೆ ಊರಿನವರನ್ನು ಕರೆಯುತ್ತಾರೆ, ಅರ್ಜಿ ಹಾಕಿ. ಅದರಲ್ಲಿ ಕೂರಲು ಪೌರತ್ವ ಬೇಕೇ ಎಂಬುದು ಊರಿಂದೂರಿಗೆ ಬೇರೆ, ಕೇಳಿ ತಿಳಿಯಬೇಕು. ಆದರೆ ಸಭೆಯಲ್ಲಿ ಮಾತಾಡಲು, ಸಮೀಕ್ಷೆ ತುಂಬಲು ಪೌರತ್ವ ಬೇಕಿಲ್ಲ. ವೀಸಾದಲ್ಲಿರುವ ನಮ್ಮವರು ಈ ಒಂದು ತಪ್ಪು ತಿಳಿವಳಿಕೆಯಿಂದ ಮನೆಯಲ್ಲೇ ಉಳಿಯುವುದು ನೋಡಿ ಬೇಸರವಾಗುತ್ತದೆ.

ಊರಿಗಿಂತ ದೊಡ್ಡ ಮಟ್ಟದ ಕೆಲಸಕ್ಕೆ ಬೇರೆಯೇ ದಾರಿ. 1965ರಲ್ಲಿ ವಾಣಿಜ್ಯ ಇಲಾಖೆಯಡಿ ಬಂದ ಎಕನಾಮಿಕ್ ಡೆವಲಪ್‌ಮೆಂಟ್ ಅಡ್ಮಿನಿಸ್ಟ್ರೇಷನ್, ಇಡಿಎ, ಹಲವು ಕೌಂಟಿಗಳು ಸೇರಿದ ಪ್ರದೇಶಕ್ಕೆ ನೆರವು ಕೊಡುತ್ತದೆ. ಅದಕ್ಕೆ ಆ ಪ್ರದೇಶ ಒಂದು ಆರ್ಥಿಕ ಕಾರ್ಯತಂತ್ರ ಬರೆದಿರಬೇಕು, ಐದು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು, ಕಳಿಸುವ ಮುಂಚೆ ಕನಿಷ್ಠ 30 ದಿನ ಜನರ ಅಭಿಪ್ರಾಯಕ್ಕೆ ತೆರೆದಿಡಬೇಕು. ಈ ಕಾರ್ಯತಂತ್ರವನ್ನು ಸೆಡ್ಸ್ ಎಂದು ಕರೆಯುತ್ತಾರೆ. ಅದೇ 1965ರಲ್ಲಿ ಹುಟ್ಟಿದ ಅಪಲಾಚಿಯನ್ ಕಮಿಷನ್ 13 ರಾಜ್ಯಗಳ ಗುಡ್ಡಗಾಡು ಕೌಂಟಿಗಳಿಗೆ ಹಣ ಕೊಡುತ್ತದೆ. ಸಣ್ಣ ಉದ್ದಿಮೆ, ಹೋಟೆಲು, ಕ್ಲಿನಿಕ್ಕು ನಡೆಸುವ ಕನ್ನಡಿಗರು ಈ ಕರಡುಗಳನ್ನು ಓದಲೇಬೇಕು. ಅದರಲ್ಲಿ ಹೆಸರಿಲ್ಲದ ಕೆಲಸಕ್ಕೆ ಆಮೇಲೆ ಅನುದಾನ ಕೇಳುವುದು ಕಷ್ಟ.

ಕರಡಿನ ಲೆಕ್ಕಗಳಿಗೆ ಹೆದರಬೇಕಿಲ್ಲ. ಲೊಕೇಷನ್ ಕೋಶಂಟ್ ಎಂಬ ಅಂಕಿ ಬಂದೇ ಬರುತ್ತದೆ. ನಿಮ್ಮ ಪ್ರದೇಶದ 100 ಉದ್ಯೋಗಗಳಲ್ಲಿ 12 ಆರೋಗ್ಯ ಸೇವೆಯವು, ದೇಶದಲ್ಲಿ 100ಕ್ಕೆ 8 ಇದ್ದರೆ ಅದು 1.5. ಒಂದಕ್ಕಿಂತ ಹೆಚ್ಚಾದಷ್ಟೂ ಆ ಕ್ಷೇತ್ರ ಅಲ್ಲಿ ದಟ್ಟವಾಗಿದೆ ಎಂದರ್ಥ, ಅಷ್ಟೇ. ಅದು ಬೆಳೆಯುತ್ತಿದೆಯೋ ಸೊರಗುತ್ತಿದೆಯೋ ಹೇಳುವುದಿಲ್ಲ. ಇನ್ನೊಂದು, ಒಂದು ಕಾರ್ಖಾನೆ ಬಂದರೆ ಅದರ ಬೆನ್ನಿಗೆ ಇಷ್ಟು ಉದ್ಯೋಗ ಹುಟ್ಟುತ್ತದೆ ಎನ್ನುವ ಗುಣಕ. ಅಲ್ಲಿ ಒಂದೇ ಪ್ರಶ್ನೆ ಕೇಳಿ: ತೆರಿಗೆ ವಿನಾಯಿತಿಯಿಂದ ಊರು ಕಳೆದುಕೊಳ್ಳುವ ಹಣವನ್ನು ಇದರಲ್ಲಿ ಕಳೆದಿದ್ದೀರಾ? 2017ರಲ್ಲಿ ಅಮೆಜಾನ್ ಎರಡನೇ ಮುಖ್ಯ ಕಚೇರಿಗೆ ಜಾಗ ಹುಡುಕಿದಾಗ 238 ಪ್ರಸ್ತಾವನೆಗಳು ಬಂದವು. ಗೆದ್ದ ಎರಡು ಜಾಗಗಳಲ್ಲಿ ಒಂದಾದ ನ್ಯೂಯಾರ್ಕ್‌ನಲ್ಲಿ, ಸುಮಾರು 300 ಕೋಟಿ ಡಾಲರ್ ರಿಯಾಯಿತಿ ಏಕೆಂದು ಸ್ಥಳೀಯರೂ ಜನಪ್ರತಿನಿಧಿಗಳೂ ಪಟ್ಟುಹಿಡಿದು ಕೇಳಿದರು. 2019ರ ಫೆಬ್ರವರಿಯಲ್ಲಿ ಕಂಪನಿ ಅಲ್ಲಿಂದ ಹಿಂದೆ ಸರಿಯಿತು. ಅದು ಒಳ್ಳೆಯದಾಯಿತೋ ಇಲ್ಲವೋ ಎಂಬ ವಾದ ಅಲ್ಲಿ ಮುಗಿದಿಲ್ಲ, ಆದರೆ ಪ್ರಶ್ನೆಗೆ ಬೆಲೆ ಇತ್ತು.

ಇನ್ನು ಕೂಟಕ್ಕೋ ದೇವಸ್ಥಾನಕ್ಕೋ ಜಾಗ ನೋಡುತ್ತಿರುವವರಿಗೆ. ಈಗ ಕನ್ಸಲ್ಟೆಂಟರನ್ನು ಗೊತ್ತುಮಾಡುವ ಸರದಿ ನಿಮ್ಮದು. ಮುಂಗಡ ಕೊಡುವ ಮುಂಚೆ ಪ್ಲಾನಿಂಗ್ ಇಲಾಖೆಯಲ್ಲಿ ಅರ್ಜಿ ಹಾಕುವ ಮುಂಚಿನ ಪ್ರೀ-ಅಪ್ಲಿಕೇಷನ್ ಸಭೆ ಕೇಳಿ. ಅನುಮತಿ ಸಿಗದಿದ್ದರೆ ಹಣ ವಾಪಸ್ ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಿ. ವಿಶೇಷ ಅನುಮತಿ ಬೇಕಾದರೆ ಪಾರ್ಕಿಂಗ್ ಮತ್ತು ಸಂಚಾರದ ವರದಿ ಬಹುಪಾಲು ಕೇಳುತ್ತಾರೆ, ಅದಕ್ಕೆ ಅದೇ ಕೌಂಟಿಯಲ್ಲಿ ಕೆಲಸ ಮಾಡಿದವರನ್ನೇ ಹಿಡಿಯಿರಿ. ಪ್ಲಾನರ್ ಹೆಸರಿನ ಮುಂದೆ ಎಐಸಿಪಿ ಎಂಬ ವೃತ್ತಿ ಪ್ರಮಾಣಪತ್ರದ ಗುರುತಿದ್ದರೆ ಅವರು ಅನುಭವ ತೋರಿಸಿ ಪರೀಕ್ಷೆ ಪಾಸಾದವರು. ನ್ಯೂಜೆರ್ಸಿಯಲ್ಲಿ ಪ್ಲಾನರ್‌ಗೆ ರಾಜ್ಯದ ಲೈಸೆನ್ಸೇ ಇದೆ. 2000ದಲ್ಲಿ ಬಂದ ರ‍್ಲೂಪಾ ಕಾಯ್ದೆ ಪೂಜಾಸ್ಥಳಗಳಿಗೆ ಝೋನಿಂಗಿನಲ್ಲಿ ರಕ್ಷಣೆ ಕೊಡುತ್ತದೆ, ಆದರೆ ಭಾಷೆ ಮತ್ತು ಸಂಸ್ಕೃತಿಯ ಭವನಕ್ಕೆ ಅದು ಅನ್ವಯಿಸುವುದಿಲ್ಲ. ನಮ್ಮ ಕೂಟದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಯೋಜನೆಯ ಬಗ್ಗೆ ಜನರ ಮಾತು ಕೇಳುವ ಹಿಯರಿಂಗಿನ ದಿನ ಒಬ್ಬೊಬ್ಬರಿಗೆ ಸಾಮಾನ್ಯವಾಗಿ ಎರಡು ಮೂರು ನಿಮಿಷ ಸಿಗುತ್ತದೆ. ಯಾವ ಪುಟದ ಯಾವ ಸಾಲು ಹೇಗೆ ಬದಲಾಗಬೇಕು ಎಂಬುದನ್ನಷ್ಟೇ ಹೇಳಿ. ಅದಕ್ಕಿಂತ ಮುಖ್ಯ, ಅದನ್ನೇ ಬರೆದು ಮೊದಲೇ ಕಳಿಸಿ. ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಆ್ಯಕ್ಟ್ ಪ್ರಕಾರ ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲು ಹೊರಬರಬೇಕು; ಅದಕ್ಕೂ ಮುಂಚೆ ತಲುಪಿದ ಪತ್ರವನ್ನು ಸಭೆ ನಡೆಸುವ ಪ್ಲಾನಿಂಗ್ ಕಮಿಷನರುಗಳು ತಮ್ಮ ಕಾಗದಗಳ ಜೊತೆ ಮನೆಗೆ ಒಯ್ದು ಓದಿಕೊಂಡು ಬರಬಹುದು.