ಸ್ಪರ್ಧೆ ಬಿಟ್ಟ ಮೇಲೆ ಐಸ್ ಶೋ, ಜಾಹೀರಾತು: ಜಿಗಿತದ ಲೆಕ್ಕ ನಾನು ಇಡುವುದು ಹೀಗೆ

ಸ್ಪರ್ಧೆಯಿಂದ ನಿವೃತ್ತರಾದ ಫಿಗರ್ ಸ್ಕೇಟರ್‌ಗೆ ಐಸ್ ಶೋ, ಜಾಹೀರಾತು, ಸಮಾರಂಭ ಹೀಗೆ ಮೂರು ಬಗೆಯ ಕೆಲಸ ಬರುತ್ತದೆ. ಯಾವುದಕ್ಕೇ ಆಗಲಿ, ಒಪ್ಪುವ ಮುಂಚೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಎಷ್ಟು ಸಲ ಜಿಗಿಯಬೇಕು? ಹಣದ ಮಾತು ಆಮೇಲೆ. ಟ್ರಿಪಲ್, ಅಂದರೆ ಗಾಳಿಯಲ್ಲಿ ಮೂರು ಸುತ್ತಿನ ಜಿಗಿತ, ಹಾರಿ ಇಳಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಸ್ಪರ್ಧೆಗಳಾದರೆ ವರ್ಷಕ್ಕೆ ಬೆರಳೆಣಿಕೆಯಷ್ಟು. ಪ್ರವಾಸದ ಶೋಗಳಲ್ಲಿ ಒಂದು ವಾರಾಂತ್ಯಕ್ಕೇ ಮೂರು ನಾಲ್ಕು ಪ್ರದರ್ಶನ ಇರುತ್ತವೆ. ಪ್ರತಿ ಪ್ರದರ್ಶನದಲ್ಲೂ ಆರಂಭದ ಗುಂಪು ನೃತ್ಯ, ನಮ್ಮದೇ ಒಂದೆರಡು ನೃತ್ಯ, ಕೊನೆಗೆ ಮತ್ತೆ ಎಲ್ಲರೂ ಸೇರುವ ನೃತ್ಯ.

ಹಾಗಾಗಿ ಒಂದು ಪುಸ್ತಕದಲ್ಲಿ ದಿನಕ್ಕೆ ಎಷ್ಟು ಟ್ರಿಪಲ್, ಎಷ್ಟು ಡಬಲ್ ಎಂದು ಬರೆದಿಡುತ್ತೇನೆ. ಬೆಳಗಿನ ಅಭ್ಯಾಸದಲ್ಲಿ ಹಾರಿದ್ದೂ, ಬಿದ್ದದ್ದೂ ಲೆಕ್ಕಕ್ಕೆ ಸೇರುತ್ತದೆ. ಮೂರೂವರೆ ನಿಮಿಷದ ನೃತ್ಯಕ್ಕೆ ಎರಡು ಟ್ರಿಪಲ್, ಒಂದು ಡಬಲ್ ಆಕ್ಸೆಲ್ (ಮುಮ್ಮುಖವಾಗಿ ಹಾರುವ ಎರಡೂವರೆ ಸುತ್ತಿನ ಜಿಗಿತ), ಅಷ್ಟೇ. ಬೆಳಕಿನವರಿಗಾಗಿ ನಡೆಸುವ ತಾಲೀಮಿನಲ್ಲಿ ಜಿಗಿತದ ಜಾಗಕ್ಕೆ ಬಂದು ಒಂದೇ ಸುತ್ತು ಹಾರುತ್ತೇನೆ. ಅವರಿಗೆ ಬೇಕಾದದ್ದು ಜಾಗ ಮತ್ತು ಹೊತ್ತು ಮಾತ್ರ.

ಉಳಿದ ಹೊತ್ತನ್ನು ತುಂಬಲು ಇಳಿತದ ಹೊಡೆತವಿಲ್ಲದ ಚಲನೆಗಳು ಬೇಕಾದಷ್ಟಿವೆ: ಒಂದು ಕಾಲು ಎತ್ತಿ ಹಿಡಿದು ಜಾರುವ ಸ್ಪೈರಲ್, ಸ್ಪಿನ್, ಬ್ಲೇಡಿನ ಒಂದೇ ಅಂಚಿನ ಮೇಲೆ ಬಾಗಿ ಜಾರುವ ಆಳವಾದ ಎಡ್ಜ್‌ಗಳು, ಎರಡೂ ಪಾದ ವಿರುದ್ಧ ದಿಕ್ಕಿಗೆ ತಿರುಗಿಸಿ ಅಡ್ಡಕ್ಕೆ ಜಾರುವ ಇನಾ ಬಾವರ್. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಶಿಜುಕಾ ಅರಕಾವಾ ಅವರನ್ನು ಜನ ಇಂದಿಗೂ ನೆನೆಯುವುದು ಬೆನ್ನು ಹಿಂದಕ್ಕೆ ಬಾಗಿಸಿ ಜಾರಿದ ಆ ಇನಾ ಬಾವರ್‌ಗಾಗಿ, ಯಾವುದೋ ಟ್ರಿಪಲ್‌ಗಾಗಿ ಅಲ್ಲ. ಎರಡು ಸಲ ಒಲಿಂಪಿಕ್ಸ್ ಚಿನ್ನ ಗೆದ್ದ ಜಪಾನಿನ ಸ್ಕೇಟರ್ ಯುಜುರು ಹಾನ್ಯು 2023ರ ಫೆಬ್ರವರಿ 26ರಂದು ಟೋಕಿಯೊ ಡೋಮ್‌ನಲ್ಲಿ ಒಬ್ಬರೇ ಇಡೀ ಪ್ರದರ್ಶನ ಕೊಟ್ಟರು. ಅಲ್ಲಿ ನೃತ್ಯಗಳ ನಡುವೆ ವಿಡಿಯೊ, ವಾದ್ಯವೃಂದ ಇದ್ದವು. ಉಸಿರು ಹಿಂದಕ್ಕೆ ಬರಲು, ಉಡುಪು ಬದಲಿಸಲು, ಲೇಸ್ ಮತ್ತೆ ಬಿಗಿಯಲು ಆ ಬಿಡುವು ಬೇಕೇ ಬೇಕು. ಒಬ್ಬರೇ ಶೋ ಮಾಡಹೊರಟವರು ನೃತ್ಯಕ್ಕಿಂತ ಮೊದಲು ಈ ಬಿಡುವುಗಳನ್ನು ಜೋಡಿಸಿಕೊಳ್ಳಬೇಕು.

ಇನ್ನು ಮಂಜುಗಡ್ಡೆ. ಸ್ಪರ್ಧೆಯ ರಿಂಕ್ ಸಾಮಾನ್ಯವಾಗಿ 60 ಮೀಟರ್ ಉದ್ದ, 30 ಮೀಟರ್ ಅಗಲ. ರಂಗಮಂದಿರದ ವೇದಿಕೆಯ ಮೇಲೆ ಹಾಸುವ ತಾತ್ಕಾಲಿಕ ಐಸ್ ಕೆಲವೊಮ್ಮೆ ಅದರ ಕಾಲು ಭಾಗವೂ ಇರುವುದಿಲ್ಲ. ಲಟ್ಜ್ ಎಂಬ ಜಿಗಿತಕ್ಕೆ ಉದ್ದನೆಯ ಹಿಮ್ಮುಖ ಎಡ್ಜ್ ಬೇಕು, ಅಲ್ಲಿ ಅದಕ್ಕೆ ಜಾಗವಿಲ್ಲ. ಚಿಕ್ಕ ಸಿದ್ಧತೆಯಲ್ಲೇ ಹಾರಬಹುದಾದ ಟೋ ಲೂಪ್ ಇಲ್ಲವೇ ಸಾಲ್ಕೋ ಇಟ್ಟುಕೊಳ್ಳುತ್ತೇನೆ. ಇಳಿದ ಮೇಲೆ ಜಾರಿ ಹೋಗಲು ಎಷ್ಟು ಜಾಗ ಉಳಿಯುತ್ತದೆ ಎಂದು ಹೆಜ್ಜೆಯಲ್ಲಿ ಅಳೆದು ನೋಡುತ್ತೇನೆ. ವೇದಿಕೆಯ ಅಂಚಿನಲ್ಲಿ ಮರದ ತಡೆಗೋಡೆ ಇರುವುದಿಲ್ಲ, ಮುಂದಿನ ಸಾಲಿನ ಪ್ರೇಕ್ಷಕರೇ ಇರುತ್ತಾರೆ.

ತಾತ್ಕಾಲಿಕ ರಿಂಕ್‌ನಲ್ಲಿ ತಣ್ಣನೆಯ ಗ್ಲೈಕಾಲ್ ಹರಿಯುವ ಕೊಳವೆಗಳ ಮೇಲೆ ನೀರನ್ನು ತೆಳುವಾಗಿ ಪದರ ಪದರವಾಗಿ ಹೆಪ್ಪುಗಟ್ಟಿಸುತ್ತಾರೆ. ಹೊತ್ತಾಯಿತೆಂದು ಒಂದೇ ಸಲ ದಪ್ಪಗೆ ನೀರು ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಐಸ್ ಪೊಳ್ಳಾಗುತ್ತದೆ. ಟೋ ಪಿಕ್ (ಬ್ಲೇಡಿನ ಮುಂತುದಿಯ ಹಲ್ಲುಗಳು) ಊರಿದ ಕಡೆ ಚಕ್ಕೆ ಏಳುತ್ತದೆ. ನಾಲ್ಕೂ ಮೂಲೆ ಮತ್ತು ನಡುವೆ ಎಷ್ಟು ದಪ್ಪವಿದೆ ಎಂದು ಐಸ್ ನೋಡಿಕೊಳ್ಳುವವರನ್ನು ಕೇಳಿಯೇ ಶೂ ಹಾಕುತ್ತೇನೆ. ಸುಮಾರು 4 ಸೆಂಟಿಮೀಟರ್ ಇದ್ದರೆ ನೆಮ್ಮದಿ. ಫಿಗರ್ ಸ್ಕೇಟಿಂಗ್‌ಗೆ ಐಸ್ ಮೇಲ್ಮೈ ಮೈನಸ್ 3ರಿಂದ 4 ಡಿಗ್ರಿ ಸೆಲ್ಸಿಯಸ್ ಹಿತ. ಐಸ್ ಹಾಕಿಗೆಂದು ಇನ್ನೂ ತಣ್ಣಗಿಟ್ಟ ಐಸ್ ಗಡುಸಾಗಿ ಎಡ್ಜ್ ಕಚ್ಚುವುದಿಲ್ಲ. ದೀಪಗಳ ಕಾವಿಗೆ ಮೆತ್ತಗಾದ ಐಸ್‌ನಲ್ಲಿ ಬ್ಲೇಡ್ ಹೂತು ವೇಗ ಸಾಯುತ್ತದೆ. ಗಡುಸು ಐಸ್ ಎಂದು ಮೊದಲೇ ತಿಳಿದರೆ ಬ್ಲೇಡಿನ ತಳದ ತೋಡನ್ನು 7/16 ಇಂಚು ತ್ರಿಜ್ಯಕ್ಕೆ ಆಳ ಮಾಡಿಸುತ್ತೇನೆ. ಇಲ್ಲವಾದರೆ ಅರ್ಧ ಇಂಚು. ತ್ರಿಜ್ಯ ಕಡಿಮೆಯಾದಷ್ಟೂ ತೋಡು ಆಳ. ಸಾಣೆ ಹಿಡಿಸುವುದು ಪ್ರದರ್ಶನಕ್ಕೆ ಮೂರು ನಾಲ್ಕು ದಿನ ಮುಂಚೆ. ಅದೇ ದಿನ ಹಿಡಿಸಿದರೆ ಎಡ್ಜ್ ಅತಿಯಾಗಿ ಕಚ್ಚಿ, ಇಳಿಯುವಾಗ ಮೊಣಕಾಲು ತಿರುಚುತ್ತದೆ.

ಶೋಗೆ ಹೊಸದಾಗಿ ಬಂದವರನ್ನು ಹೆಚ್ಚಾಗಿ ಬೀಳಿಸುವುದು ಬೆಳಕು. ಸ್ಪರ್ಧೆಯಲ್ಲಿ ರಿಂಕ್ ತುಂಬ ಒಂದೇ ಸಮನೆ ಬೆಳಕಿರುತ್ತದೆ. ಶೋನಲ್ಲಿ ಸುತ್ತಲೂ ಕತ್ತಲೆ, ಕಣ್ಣಿಗೆ ಸ್ಪಾಟ್‌ಲೈಟ್. ಗಾಳಿಯಲ್ಲಿ ತಿರುಗುವಾಗ ನೆಲ ಯಾವುದು, ಗೋಡೆ ಯಾವುದು ಎಂಬ ಗುರುತು ತಪ್ಪಿ ಕೈ ಬಿಚ್ಚುವ ಹೊತ್ತು ಹೆಚ್ಚುಕಮ್ಮಿಯಾಗುತ್ತದೆ. ಆದ್ದರಿಂದ ಪ್ರತಿ ಜಿಗಿತದ ನಿಮಿಷ, ಸೆಕೆಂಡು, ಜಾಗ ಬರೆದ ಹಾಳೆಯೊಂದನ್ನು ಬೆಳಕಿನವರಿಗೆ ಕೊಡುತ್ತೇನೆ. ಇಳಿಯುವ ದಿಕ್ಕಿನ ಎದುರಿನಿಂದ ಸ್ಪಾಟ್ ಬೇಡ. ಪಕ್ಕದಿಂದ ಮಂದ ಬೆಳಕು ಉಳಿಯಲಿ. ಜಾರಿ ನಿಲ್ಲುವವರೆಗೆ ದೀಪ ಆರಿಸಬಾರದು. ಮಿಣುಕು ದೀಪ ಜಿಗಿತದ ಹತ್ತಿರ ಸುಳಿಯಲೇಬಾರದು. ಐಸ್ ಮೇಲೆ ಚಿತ್ರ ಹಾಯಿಸುವುದಾದರೆ ಜಿಗಿತದ ಆ ಐದು ಸೆಕೆಂಡು ಚಿತ್ರ ಕದಲದೆ ನಿಲ್ಲಬೇಕು, ಇಲ್ಲದಿದ್ದರೆ ನಾವೇ ಚಲಿಸಿದಂತೆ ಕಣ್ಣಿಗೆ ಮೋಸವಾಗುತ್ತದೆ. ಹೊಗೆ ಬಿಟ್ಟರೆ ಐಸ್ ಮೇಲಿನ ಗೀರುಗಳು ಕಾಣುವುದಿಲ್ಲ. ಉಡುಪಿನಿಂದ ಉದುರಿದ ಒಂದು ಮಣಿ, ಒಂದು ಹೇರ್‌ಪಿನ್ ಸಾಕು, ಬ್ಲೇಡ್ ಗಕ್ಕನೆ ನಿಲ್ಲುತ್ತದೆ. ಬಣ್ಣದ ಕಾಗದ ಚೂರು ಹಾರಿಸುವುದಿದ್ದರೆ ಕೊನೆಯ ನೃತ್ಯದ ಕೊನೆಯ ಗಳಿಗೆಗೆ ಮಾತ್ರ ಒಪ್ಪುತ್ತೇನೆ.

ಜಾಹೀರಾತಿನಲ್ಲಿ ಅಪಾಯ ಬರುವುದು "ಇನ್ನೊಂದೇ ಟೇಕ್" ಎಂಬ ಮಾತಿನಿಂದ. ನನ್ನ ಒಪ್ಪಂದದಲ್ಲಿ ದಿನಕ್ಕೆ ಒಟ್ಟು ಆರು ಜಿಗಿತ ಎಂದು ಬರೆಸುತ್ತೇನೆ. ಕ್ಯಾಮೆರಾದ ತಪ್ಪಿನಿಂದ ಕೆಟ್ಟರೂ ನೆಲ ಬಿಟ್ಟದ್ದೆಲ್ಲ ಒಂದು ಜಿಗಿತ. ಮೈ ಕಾಯಿಸಿಕೊಂಡ ಕೂಡಲೇ ಜಿಗಿತಗಳ ಚಿತ್ರೀಕರಣ ಮುಗಿಯಬೇಕು, ಅದೂ ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿ. ಮುಖದ ಹತ್ತಿರದ ಶಾಟ್‌ಗಳು ಮಧ್ಯಾಹ್ನಕ್ಕಿರಲಿ. ಐಸ್ ನಯ ಮಾಡುವ ಯಂತ್ರಕ್ಕೆ, ಅದು ಬಿಟ್ಟ ನೀರು ಗಟ್ಟಿಯಾಗಲಿಕ್ಕೆ ಪ್ರತಿ ಸಲ ಇಪ್ಪತ್ತು ನಿಮಿಷವನ್ನಾದರೂ ವೇಳಾಪಟ್ಟಿಯಲ್ಲಿ ಬಿಡಿಸುತ್ತೇನೆ. ಕಾಯುವುದು ಅದಕ್ಕಿಂತ ಹೆಚ್ಚಾದರೆ ಸ್ನಾಯು ತಣ್ಣಗಾಗಿರುತ್ತದೆ. ಮತ್ತೆ ಒಂದು ಸುತ್ತಿನ ಜಿಗಿತದಿಂದ ಶುರು. ಐಸ್ ಮೇಲೆ ಓಡಾಡುವ ತಂಡದವರು ಶೂಗೆ ಕವರ್ ಹಾಕಲೇಬೇಕು. ಒಂದು ಹಿಡಿ ಮರಳು ಬಿದ್ದರೂ ಎಡ್ಜ್ ಹೋಯಿತು.

ಕಾಗದಪತ್ರದಲ್ಲಿ ಅವಧಿ, ದೇಶ, ಮಾಧ್ಯಮ ಈ ಮೂರನ್ನು ಎಲ್ಲರೂ ನೋಡುತ್ತಾರೆ. ತಪ್ಪುವುದು ಬೇರೆ ಕಡೆ. ಪ್ರತಿಸ್ಪರ್ಧಿ ಕಂಪನಿಗಳಿಗೆ ಕೆಲಸ ಮಾಡುವಂತಿಲ್ಲ ಎಂಬ ಷರತ್ತಿನಲ್ಲಿ "ಪಾನೀಯ" ಎಂದಿದ್ದರೆ ಹಾಲು, ಕಾಫಿ, ನೀರು ಎಲ್ಲವೂ ಕೈತಪ್ಪುತ್ತವೆ. "ಕ್ರೀಡಾ ಪಾನೀಯ" ಎಂದು ತಿದ್ದಿಸಬೇಕು. ಒಲಿಂಪಿಕ್ಸ್‌ನ ಐದು ಉಂಗುರಗಳನ್ನು ಅನುಮತಿಯಿಲ್ಲದೆ ಜಾಹೀರಾತಿನಲ್ಲಿ ಬಳಸುವಂತಿಲ್ಲ, ಪದಕ ಗೆದ್ದವರು ನಾವೇ ಆದರೂ. ಹಳೆಯ ಸ್ಪರ್ಧೆಯ ದೃಶ್ಯ ಪ್ರಸಾರ ಹಕ್ಕಿನವರದು. ಸಂಗೀತಕ್ಕೂ ಹಾಗೆಯೇ: ಶೋನಲ್ಲಿ ನುಡಿಸುವ ಹಕ್ಕು ಬೇರೆ, ಜಾಹೀರಾತಿನ ಚಿತ್ರಕ್ಕೆ ಜೋಡಿಸುವ ಹಕ್ಕು ಬೇರೆ. ಕೊನೆ ಗಳಿಗೆಯಲ್ಲಿ ಹಾಡು ಬದಲಾದೀತೆಂದು ಹೆಜ್ಜೆಗಳನ್ನು ಎಂಟರ ಎಣಿಕೆಯಲ್ಲಿ ಕಟ್ಟಿಕೊಂಡಿರುತ್ತೇನೆ.

ಸಮಾರಂಭಗಳಲ್ಲಿ ಪ್ಲಾಸ್ಟಿಕ್ ಹಾಳೆಯ ಕೃತಕ ಐಸ್ ಹಾಸಿ "ಸಣ್ಣದೊಂದು ಸ್ಪಿನ್" ಕೇಳುತ್ತಾರೆ. ಅದರಲ್ಲಿ ಘರ್ಷಣೆ ಹೆಚ್ಚು, ಬ್ಲೇಡ್ ಬೇಗ ಮೊಂಡಾಗುತ್ತದೆ. ಅದಕ್ಕೆಂದೇ ಹಳೆಯ ಜೋಡಿಯೊಂದನ್ನು ಇಟ್ಟಿದ್ದೇನೆ, ಜಿಗಿತಕ್ಕೆ ಒಪ್ಪುವುದಿಲ್ಲ. ಮುಗಿದ ಮೇಲೆ ಬ್ಲೇಡ್ ಒರೆಸಿ ಬಟ್ಟೆಯ ಕವರ್ ಹಾಕಬೇಕು. ನಡೆಯುವಾಗ ಹಾಕುವ ಗಟ್ಟಿ ಗಾರ್ಡ್ ಹಾಗೇ ಬಿಟ್ಟರೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ.