ಮೂಕಿ ಬೆಟ್ಸ್: ಒಂಬತ್ತೋ, ಆರೋ?

2019ರ ಚಳಿಗಾಲದಲ್ಲಿ ಬಾಸ್ಟನ್‌ನಲ್ಲಿ ಬೇಸ್‌ಬಾಲ್ ಪ್ರಿಯರು ಸೇರಿದಲ್ಲೆಲ್ಲ ಒಂದೇ ಮಾತು: ಊರಿನ ರೆಡ್ ಸಾಕ್ಸ್ ತಂಡ ತನ್ನ ತಾರೆ ಮೂಕಿ ಬೆಟ್ಸ್ ಅವರನ್ನು ಬಿಟ್ಟುಕೊಡುತ್ತದೆಯೇ? ಅವರನ್ನು ಕೊಳ್ಳುವ ತಂಡದ ಹೆಸರು ದಿನಕ್ಕೊಂದು ಕೇಳಿಬರುತ್ತಿತ್ತು. ನಾನು ಹೆಸರುಗಳ ಗೊಡವೆ ಬಿಟ್ಟು ಲೆಕ್ಕ ಹಿಡಿದು ಕುಳಿತೆ. ಬೆಟ್ಸ್ ಒಪ್ಪಂದಕ್ಕೆ ಉಳಿದಿದ್ದುದು ಒಂದೇ ವರ್ಷ, ಸಂಬಳ 2.7 ಕೋಟಿ ಡಾಲರ್. 2020ರಲ್ಲಿ ಆಟಗಾರರ ಒಟ್ಟು ಸಂಬಳ 20.8 ಕೋಟಿ ದಾಟಿದ ತಂಡ ಹೆಚ್ಚುವರಿ ತೆರಿಗೆ ತೆರಬೇಕಿತ್ತು. ಆ ಗೆರೆಯ ಕೆಳಗಿಳಿಯುವ ಆಸೆಯನ್ನು ರೆಡ್ ಸಾಕ್ಸ್ ಮಾಲೀಕರೇ ಬಹಿರಂಗವಾಗಿ ಹೇಳಿಕೊಂಡಿದ್ದರು. ಆದ್ದರಿಂದ ಯಾವ ವದಂತಿ ಬಂದರೂ ನಾನು ನೋಡುತ್ತಿದ್ದುದು ಇಷ್ಟೇ: ಆ ತಂಡಕ್ಕೆ ಈ ಸಂಬಳ ಹೊರುವ ತಾಕತ್ತಿದೆಯೇ, ಬದಲಿಗೆ ಕೊಡಲು ಕಡಿಮೆ ಸಂಬಳದ ಎಳೆಯ ಆಟಗಾರರಿದ್ದಾರೆಯೇ? ಹೆಚ್ಚಿನ ಹೆಸರುಗಳು ಅಲ್ಲಿಯೇ ಉದುರಿಹೋದವು.

2020ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಬೆಟ್ಸ್ ಅವರನ್ನು ಪಡೆಯಿತು, ಜೊತೆಗೆ ದುಬಾರಿ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ) ಡೇವಿಡ್ ಪ್ರೈಸ್ ಅವರನ್ನೂ. ಅದಕ್ಕೂ ಮೊದಲು ಮಿನಸೋಟ ತಂಡವನ್ನೂ ಸೇರಿಸಿಕೊಂಡು ಕುದುರಿದ್ದ ಮಾತುಕತೆ ಒಬ್ಬ ಯುವ ಪಿಚರ್‌ನ ವೈದ್ಯಕೀಯ ವರದಿಯಿಂದ ಮುರಿದುಬಿತ್ತು. ವೈದ್ಯರು ಒಪ್ಪುವ ತನಕ ಎಲ್ಲವೂ ವದಂತಿಯೇ ಎಂದು ಅಂದಿನಿಂದ ನಾನು ಎಣಿಸುತ್ತೇನೆ.

ಇನ್ನು ಬೆಟ್ಸ್ ಅವರ ಜಾಗದ ವಿಷಯ. ಸ್ಕೋರ್ ಪುಸ್ತಕದಲ್ಲಿ ಬ್ಯಾಟರ್‌ನ ಕಡೆಯಿಂದ ನೋಡಿದರೆ ಬಲಕ್ಕೆ ದೂರದಲ್ಲಿ ನಿಲ್ಲುವ ರೈಟ್ ಫೀಲ್ಡರ್‌ನನ್ನು ನಾವು 9 ಎಂದೂ, ಎರಡನೆಯ, ಮೂರನೆಯ ಬೇಸ್ ಎಂಬ ಓಟದ ನೆಲೆಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನನ್ನು 6 ಎಂದೂ ಬರೆಯುತ್ತೇವೆ. ಕ್ರಿಕೆಟ್‌ನಲ್ಲಿ ನಾಯಕ ಕೈಬೀಸಿದರೆ ಫೀಲ್ಡರ್ ಜಾಗ ಬದಲಿಸುತ್ತಾನೆ. ಇಲ್ಲಿ ಜಾಗವೇ ಒಂದು ಕಸುಬು. ರೆಡ್ ಸಾಕ್ಸ್ ಮೈದಾನ ಫೆನ್‌ವೇ ಪಾರ್ಕ್‌ನ ಬಲಭಾಗ ವಿಶಾಲ, ಗೋಡೆಯ ತಿರುವೂ ವಿಚಿತ್ರ. ಅಲ್ಲಿ ಕುಳಿತಾಗ ನಾನು ಚೆಂಡನ್ನು ನೋಡುತ್ತಿರಲಿಲ್ಲ, ಬ್ಯಾಟಿನ ಸದ್ದಾದ ಕ್ಷಣದಲ್ಲಿ ಬೆಟ್ಸ್ ಅವರ ಮೊದಲ ಹೆಜ್ಜೆಯನ್ನು ನೋಡುತ್ತಿದ್ದೆ. ಹಾರಿ ಹಿಡಿಯುವ ಕ್ಯಾಚಿಗಿಂತ ಹಾರುವ ಅಗತ್ಯವೇ ಬೀಳದಂತೆ ಮೊದಲೇ ತಲುಪಿಬಿಡುವುದು ದೊಡ್ಡದು. ಆ ಜಾಗದಲ್ಲಿ ಅವರಿಗೆ ಶ್ರೇಷ್ಠ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿ ಆರು ಸಲ ಬಂದಿದೆ.

ಆದರೆ ಅವರು ಮೂಲತಃ ಇನ್‌ಫೀಲ್ಡರ್, ಅಂದರೆ ಬೇಸ್‌ಗಳ ಬಳಿ ಆಡುವವರು. ಬಾಸ್ಟನ್‌ನ ಸೆಕೆಂಡ್ ಬೇಸ್‌ನಲ್ಲಿ ಡಸ್ಟಿನ್ ಪೆಡ್ರೋಯ ಬೇರೂರಿದ್ದರಿಂದ 2014ರಲ್ಲಿ ಔಟ್‌ಫೀಲ್ಡ್‌ಗೆ, ಅಂದರೆ ಮೈದಾನದ ದೂರದ ಭಾಗಕ್ಕೆ, ಸರಿದವರು. 2024ರಲ್ಲಿ ಡಾಡ್ಜರ್ಸ್ ಅವರನ್ನು ಶಾರ್ಟ್‌ಸ್ಟಾಪ್‌ನಲ್ಲಿ ನಿಲ್ಲಿಸಿದಾಗ ನನಗೆ ಸಿಟ್ಟೇ ಬಂತು. ಟಿವಿಯಲ್ಲಿ ಫೀಲ್ಡರ್‌ನ ಮೊದಲ ಹೆಜ್ಜೆ ಕಾಣುವುದಿಲ್ಲ. ಹಾಗಾಗಿ ಚೆಂಡು ಗ್ಲೌಸಿಗೆ ಬಂದ ಮೇಲಿನ ಕಾಲ್ಚಲನೆಯನ್ನೂ ಎಸೆತವನ್ನೂ ಮರುಪ್ರಸಾರದಲ್ಲಿ ಗಮನಿಸತೊಡಗಿದೆ. ಆ ವರ್ಷ ಎಸೆತಗಳು ಅಡ್ಡಾದಿಡ್ಡಿ ಹೋದವು. ಜೂನ್‌ನಲ್ಲಿ ಕೈ ಮುರಿಯಿತು, ಮರಳಿದ್ದು ರೈಟ್ ಫೀಲ್ಡ್‌ಗೆ. 2025ರಲ್ಲಿ ಮತ್ತೆ ಶಾರ್ಟ್‌ಸ್ಟಾಪ್. ಈ ಸಲ ಕಾಲು ಮೊದಲು ನಿಂತು ಆಮೇಲೆ ಕೈ ಬೀಸುತ್ತಿತ್ತು. ಚಾಂಪಿಯನ್ ಯಾರೆಂದು ತೀರ್ಮಾನಿಸುವ ವಿಶ್ವ ಸರಣಿಯ ಏಳನೆಯ ಪಂದ್ಯ ಮುಗಿದದ್ದೇ ಅವರ ಡಬಲ್ ಪ್ಲೇಯಿಂದ, ಅಂದರೆ ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡಿದ್ದರಿಂದ: ತಾವೇ ಸೆಕೆಂಡ್ ಬೇಸ್ ತುಳಿದು, ಫಸ್ಟ್ ಬೇಸ್‌ಗೆ ಎಸೆದರು. ಪುಸ್ತಕದಲ್ಲಿ 6-3 ಎಂದು ಬರೆದೆ, 3 ಎಂದರೆ ಫಸ್ಟ್ ಬೇಸ್ ಕಾಯುವವನು.

ಈಗಲೂ ಕೇಳಿದರೆ, ಫೀಲ್ಡರ್ ಆಗಿ ಅವರ ಶ್ರೇಷ್ಠ ಜಾಗ 9 ಎನ್ನುತ್ತೇನೆ. ಆದರೆ ಒಳ್ಳೆಯ ರೈಟ್ ಫೀಲ್ಡರ್ ಸಿಗುವಷ್ಟು ಸುಲಭವಾಗಿ ಶಾರ್ಟ್‌ಸ್ಟಾಪ್ ಸಿಗುವುದಿಲ್ಲ. ಈಗ ವದಂತಿ ಬಂದಾಗ ತಾರೆಯ ಈಗಿನ ಜಾಗದ ಜೊತೆಗೆ ಕೊಳ್ಳುವ ತಂಡದಲ್ಲಿ ಖಾಲಿ ಇರುವ ಅಂಕೆಯನ್ನೂ ನೋಡುತ್ತೇನೆ. ಉದಾಹರಣೆಗೆ, ಬಾಸ್ಟನ್‌ನಲ್ಲಿ ಫಸ್ಟ್ ಬೇಸ್ ಒಲ್ಲೆನೆಂದ ಆಟಗಾರ ರಫೇಲ್ ಡೆವರ್ಸ್, 2025ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಟ್ರೇಡ್ ಆದ ಮೇಲೆ ಅದೇ ಫಸ್ಟ್ ಬೇಸ್‌ನಲ್ಲಿ ನಿಂತು ಆಡಿದರು.